ಬಾಮೈದನ ಜ್ವರಕ್ಕೆ ಬೊಮ್ಮನ ಕಾವಲು

ಗಡಿಯಾಚೆಯ ಪುಲ್ಪಳ್ಳಿ ಕಡೆಯ ಬೊಮ್ಮ ಜೇನು ಕೀಳುವುದರಲ್ಲಿ ಎತ್ತಿದ ಕೈ. ಹಟದಲ್ಲಿ ಅದಕ್ಕೂ ಒಂದು ಕೈ ಮೇಲು. ಅವನ ಕಾಟ್ಟುನಾಯಕ ಬುಡಕಟ್ಟಿನಲ್ಲಿ, ಜೇನಿಗೆಂದು ಬಂಡೆಗೆ ಜೋತು ಇಳಿಯುವವನ ಹಗ್ಗವನ್ನು ಅವನ ಬಾಮೈದನೇ ಹಿಡಿಯಬೇಕು. ಒಡಹುಟ್ಟಿದವಳು ವಿಧವೆಯಾಗಲೆಂದು ಯಾರು ತಾನೇ ಕೈಬಿಟ್ಟಾರು? ಬೊಮ್ಮನ ಹಗ್ಗ ಹಿಡಿಯುತ್ತಿದ್ದವನು ಹೆಂಡತಿ ಸುಮಳ ತಮ್ಮ ವಿಜಯನ್.

ಆ ವಿಜಯನ್‌ಗೆ ಕಾಡಿನ ಉಣ್ಣೆ ಕಚ್ಚಿ ಮಂಗನ ಕಾಯಿಲೆ ಬಂತು. ನಾನು ನರ್ಸಾಗಿರುವ ಆಸ್ಪತ್ರೆಗೆ ಬೊಮ್ಮನೇ ಹೊತ್ತು ತಂದ. "ಸಿಸ್ಟರೇ, ರೋಗದ ಹುಳ ಸಾಯೋ ಸೂಜಿ ಹಾಕಿ" ಎಂದು ನನ್ನ ಪ್ರಾಣ ತಿಂದ. ಅಂಥದ್ದು ಇಲ್ಲವೆಂದರೆ, ನಾನೇ ಬಚ್ಚಿಟ್ಟಿದ್ದೇನೆ ಅನ್ನುವ ಹಾಗೆ ನೋಡುವುದು!

ಡಾಕ್ಟರ್ ಅಂಜು ಮಲಯಾಳದಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. "ವೈರಸ್ಸಿನ ಹತ್ರ ತನ್ನ ಮರಿ ಮಾಡೋ ಬರಹ ಇರುತ್ತೆ, ಆರ್‌ಎನ್‌ಎ ಅಂತಾರೆ. ಅದನ್ನ ನಕಲು ಮಾಡೋಕೆ ಅದೊಂದರಿಂದಲೇ ಆಗಲ್ಲ ಬೊಮ್ಮಣ್ಣ. ನಮ್ಮ ಜೀವಕೋಶದಲ್ಲಿ ದುಡಿಯೋ ಪ್ರೋಟೀನುಗಳನ್ನೇ ಸಹಾಯಕ್ಕೆ ಎಳ್ಕೊಳ್ಳುತ್ತೆ. ಅವನ್ನೆಲ್ಲ ಕೊಂದರೆ ವಿಜಯನೂ ಉಳಿಯಲ್ಲ."

ಬೊಮ್ಮ ತಲೆ ಕೆರೆದುಕೊಂಡ. "ಅಂದ್ರೆ ಇಳಿಯೋನು ಕಳ್ಳ, ಹಗ್ಗ ಹಿಡಿದಿರೋನು ನಮ್ಮ ಬಾಮೈದನೇ?"

"ಹೂಂ."

"ಹಂಗಾರೆ ಹಿಡಿದೋನಿಗೆ ಹೊಡೆಯೋಕೆ ಪಾಡಿಲ್ಲ."

"ಹೊಡೆಯೋ ಹಾಗಿಲ್ಲ. ಅವನ ಮೈಯೇ ಗೆಲ್ಲಬೇಕು. ಅಲ್ಲಿವರೆಗೆ ನಾವು ಕಾಯಬೇಕು."

ಕೆಲವು ದಿನಕ್ಕೆ ಜ್ವರ ಬಿಟ್ಟಿತು. ಸುಮ ಬಟ್ಟೆಗಂಟು ಕಟ್ಟಿದಳು. ಜೇನಿನ ಕಾಲ ಕಳೆದರೆ ಹೊಟ್ಟೆಗೇನು ಎಂಬ ಚಿಂತೆ ಅವಳದು. ಈ ಕಾಯಿಲೆ ಕೆಲವರಲ್ಲಿ ಹೋದಂತೆ ಮಾಡಿ ಮರಳುತ್ತದೆ ಎಂದೆ. ನನ್ನ ಮಾತು ಅವಳಿಗೆ ಹಿಡಿಸಲಿಲ್ಲ. ಬೊಮ್ಮ ಮಾತ್ರ ವಾರ್ಡಿನ ಬಾಗಿಲಿಗೆ ಅಡ್ಡ ಕೂತ.

"ಅಂವ ಇನ್ನೂ ಮೇಲೆ ಬಂದಿಲ್ಲ. ನಾ ಹಗ್ಗ ಬಿಡಲ್ಲ."

ಹೆಂಡತಿ ಬಾಯಿಗೆ ಬಂದಂತೆ ಬೈದಳು. ಅವನು ಜಪ್ಪಯ್ಯ ಅಂದರೂ ಏಳಲಿಲ್ಲ.

ಜ್ವರ ಮರಳಿತು. ವಿಜಯನ್ ಯಾರನ್ನೂ ಗುರುತಿಸದೆ ಏನೇನೋ ಬಡಬಡಿಸಿದ. ನಾವು ಡ್ರಿಪ್ ಹಾಕಿದೆವು. ಬೊಮ್ಮ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಲೇ ಇದ್ದ. ಹಾಡಿಯ ಮನೆಗೆ ಹೋಗಿದ್ದರೆ ಹುಡುಗ ಕೈತಪ್ಪುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ವಿಜಯನ್ ಕಣ್ಣು ಬಿಟ್ಟು ಗಂಜಿ ಬೇಕೆಂದ. ಬೊಮ್ಮ ಕುಡಿಸಿದ. ಒಂದು ಗುಟುಕು ಇಳಿದಿದ್ದೇ ಮುಖ ಸಿಂಡರಿಸಿ, "ಬಾವ, ಉಪ್ಪೇ ಇಲ್ಲ. ಇದನ್ನ ನಾಯೀನೂ ಮೂಸಲ್ಲ" ಎಂದ.

ಅಷ್ಟು ದಿನ ಕಲ್ಲಿನಂತೆ ಕೂತಿದ್ದ ಬೊಮ್ಮ ಬಟ್ಟಲು ಕೆಳಗಿಟ್ಟು ಗೊಳೋ ಎಂದು ಅತ್ತುಬಿಟ್ಟ.