ಸುಮಿತ್ರಾಳ ಬುಗುಡಿ, ನನ್ನ ಕಾಲುಂಗುರ

ನಿಮ್ಮ ಕಾಲುಂಗುರ ಈಗ ಎಲ್ಲಿವೆ, ಹೇಳಿ ನೋಡೋಣ? ಬಗ್ಗಿ ನೋಡದೆ ಹೇಳಬೇಕು. ಕಾಲಲ್ಲೇ ಇವೆ ಎಂದು ಆಣೆ ಮಾಡುವಷ್ಟು ಧೈರ್ಯ ನಿಮಗಿದ್ದರೆ ಸಂತೋಷ. ಒಂದು ಕಾಲದಲ್ಲಿ ನನಗೂ ಇತ್ತು.

ದೆವ್ವ, ಗಾಳಿ, ಮೈಮೇಲೆ ಬರುವುದು, ಇವು ಯಾವುದನ್ನೂ ನಾನು ನಂಬಿದವಳಲ್ಲ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಎಲ್ಲರೂ ಹೆದರುವ ಹುಣಸೆಮರದ ಕೆಳಗೆ ಕೂತು ಕಾಯಿ ತಿನ್ನುತ್ತಿದ್ದೆ. ದೆವ್ವ ಬರುತ್ತದೆ ಎಂದವರಿಗೆ, ಬರುವಾಗ ಸ್ವಲ್ಪ ಉಪ್ಪು ಖಾರ ತರಲು ಹೇಳಿ ಎನ್ನುತ್ತಿದ್ದೆ. ಆದರೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟ ಮೇಲೆ, ಮೊದಲು ಬರೆಯಬೇಕು ಅನಿಸಿದ್ದು ಬರ್ಲಿಂಗ್ಟನ್ನಿನ ಲೇಕ್ ದಂಡೆಯಲ್ಲಿ ಹಾಡಹಗಲೇ ನಡೆದ ಈ ಸಂಗತಿಯನ್ನೇ.

ತೊಂಬತ್ತರ ದಶಕದ ಕೊನೆಯ ಮಾತು. ನಾವು ಪರದೇಶದ ಮಿಸ್ಸಿಸಾಗಾದಲ್ಲಿದ್ದೆವು. ನಮ್ಮ ಯಜಮಾನರು ಅರೋರಾದಲ್ಲಿ ಯಾರೋ ಮನೆಯ ಹಳೆ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಿಂದ ಒಂದು ಮೆಟಲ್ ಡಿಟೆಕ್ಟರ್ ಹೊತ್ತು ತಂದರು. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಾಟಿನಂಥ ಒಂದು ಚಕ್ರ. ನೆಲದ ಮೇಲೆ ಅದನ್ನು ಅತ್ತಿತ್ತ ಆಡಿಸಿದರೆ, ಕೆಳಗೆ ಲೋಹವಿದ್ದಾಗ ಕೀಂ ಎನ್ನುತ್ತಿತ್ತು. ಅವರು ಎರಡೇ ದಿನಕ್ಕೆ ಬೇಸತ್ತರು, ನಾನು ಹಿಡಿದುಕೊಂಡೆ. ಆಮೇಲೆ ಇದಕ್ಕಿಂತ ಒಳ್ಳೆಯ ಎರಡು ಮಷೀನು ಕೊಂಡಿದ್ದೇನೆ. ಆದರೂ ಮೊದಲನೆಯದರ ಮೇಲಿನ ಮೋಹವೇ ಬೇರೆ.

ಮೊದಲ ದಿನ ಹಿತ್ತಲಲ್ಲಿ ಆಡಿಸಿದರೆ ಹೆಜ್ಜೆ ಹೆಜ್ಜೆಗೂ ಕೀಂ. ನಮ್ಮ ಮನೆ ನಿಧಿಯ ಮೇಲೆಯೇ ಕೂತಿದೆ ಎಂದು ಅರ್ಧ ಲಾನು ಅಗೆದು ಹಾಕಿದೆ. ಸಿಕ್ಕಿದ್ದು ಎರೆಹುಳ. ಸಂಜೆ ಬಂದ ಯಜಮಾನರು ಹೊಂಡಗಳನ್ನು ನೋಡಿದರು, ಚಪ್ಪಲಿ ಹಾಕಿದ್ದ ನನ್ನ ಕಾಲು ನೋಡಿದರು. “ಬೆಳಗಿಂದ ನಿನ್ನ ಕಾಲುಂಗುರಾನ ಹುಡುಕಾಕತ್ತೀಯಲ್ಲ ಮಾರಾಯ್ತಿ!” ಎಂದರು. ಅಂದಿನಿಂದ ಮಷೀನು ಹಿಡಿಯುವ ಮೊದಲು ಕಾಲುಂಗುರ ಬಿಚ್ಚಿ ಬಚ್ಚಲಿನ ಸೋಪಿನ ಡಬ್ಬಿಯಲ್ಲಿ ಇಡುತ್ತಿದ್ದೆ. ಮುತ್ತೈದೆ ಹೀಗೆ ಮಾಡಬಾರದು ಎಂದು ಗೊತ್ತು. ದೇವರಿಗೂ ಮಷೀನಿನ ಕಷ್ಟ ಗೊತ್ತಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಸುಮಿತ್ರಾ ನಮ್ಮ ಬೀದಿಯಲ್ಲೇ ಇದ್ದ ಹುಬ್ಬಳ್ಳಿ ಹುಡುಗಿ. ಬೇಕರಿಯೊಂದರಲ್ಲಿ ಶಿಫ್ಟಿನ ಕೆಲಸ. ಅವಳ ಅವ್ವ ತೀರಿಕೊಂಡಾಗ ಇವಳು ಹೆತ್ತು ಹನ್ನೆರಡು ದಿನವಾಗಿತ್ತು, ಹೋಗಲಾಗಲಿಲ್ಲ. ಕೆಲವು ತಿಂಗಳ ಮೇಲೆ ಊರಿನಿಂದ ಬಂದವರ ಕೈಯಲ್ಲಿ ಅವ್ವನ ಬುಗುಡಿ ಬಂತು. ಜೋಡಿಯಲ್ಲ, ಒಂದೇ. ಇನ್ನೊಂದು ಅಕ್ಕನ ಪಾಲಿಗೆ. ಸುಮಿತ್ರಾಳ ಮೇಲ್ಗಿವಿಯ ತೂತು ಮುಚ್ಚಿಹೋಗಿತ್ತು. ಅದಕ್ಕೇ ಕರಿದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡಿದ್ದಳು. ಕನ್ನಡದವರ ಪಿಕ್‌ನಿಕ್ಕಿಗೆ ಬರ್ಲಿಂಗ್ಟನ್ನಿಗೆ ಹೋದ ಭಾನುವಾರ, ಉಸುಕಿನಲ್ಲಿ ಮಕ್ಕಳ ಜೊತೆ ಆಡುವಾಗ ಆ ದಾರ ಎಲ್ಲೋ ಹರಿಯಿತು.

ಸೋಮವಾರ ಬೆಳಿಗ್ಗೆ ಶಿಫ್ಟಿಗೆ ರಜೆ ಹಾಕಿ ನಮ್ಮ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿತ್ತು. “ಅವ್ವನ್ನಂತೂ ನೋಡ್ಲಿಲ್ಲ. ಅಕಿದು ಇದೊಂದ ಇತ್ತು, ಅದನ್ನೂ ಕಳಕೊಂಡ್ನಿ” ಎಂದಳು. ನಾನು ಮಷೀನು, ರವೆ ಜರಡಿ ಎರಡನ್ನೂ ಅವಳ ಕಾರಿಗೆ ಹಾಕಿ ಹೊರಟೆ.

ದಂಡೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹೆಚ್ಚು ಜನರಿರಲಿಲ್ಲ. ಮಷೀನು ಹಚ್ಚಿದ ಕ್ಷಣದಿಂದ ಕೀಂ, ಕೀಂ. ಪ್ರತಿ ಬೀಸಿಗೂ ನನ್ನ ಕಾಲ ಬಳಿಯೇ. ಗಡಿಬಿಡಿಯಲ್ಲಿ ಕಾಲುಂಗುರ ತೆಗೆಯಲು ಮರೆತೆ ಎಂದುಕೊಂಡೆ. ಬೂಟು ಬಿಚ್ಚಲು ಕುಳಿತರೆ ಸುಮಿತ್ರಾ ಓಡಿ ಬಂದು ಕೈ ಹಿಡಿದಳು. “ಬ್ಯಾಡ್ರಿ ಅಕ್ಕಾರ, ನನ್ನ ಸಲುವಾಗಿ ಕಾಲುಂಗುರ ತಗೀಬ್ಯಾಡ್ರಿ. ಮೊದ್ಲ ನನ್ನ ಟೈಮ್ ಸರಿ ಇಲ್ಲ.” ಆ ಮುಖ ನೋಡಿ ಅವಳ ಮಾತು ಮೀರಲು ಮನಸ್ಸಾಗಲಿಲ್ಲ. ಬೂಟು ಬಿಚ್ಚಲೇ ಇಲ್ಲ.

ಇದರಿಂದ ಏನೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಸುಮ್ಮನೇ ಒದರುವ ಮಷೀನಿನಲ್ಲಿ ನಿಜವಾದ ಕೂಗು ಯಾವುದೆಂದು ತಿಳಿಯುವುದು ಹೇಗೆ? ಆದರೂ ಅವಳಿಗೋಸ್ಕರ ನಡೆದೆ. ತಾಸು ಮೇಲಾಯಿತು. ಎಡಕ್ಕೆ ಕೀಂ, ಬಲಕ್ಕೆ ಕೀಂ. ತಲೆ ಸಿಡಿಯುತ್ತಿತ್ತು.

ಒಮ್ಮೆಲೇ ಅದು ನಿಂತಿತು.

ಅಲ್ಲಾಡಿಸಿದೆ, ತಟ್ಟಿದೆ, ಬೀಸಿದೆ. ಸದ್ದಿಲ್ಲ. ಮೂರು ಮಕ್ಕಳನ್ನು ಬೆಳೆಸಿದವಳು ನಾನು. ಮಕ್ಕಳು ಗದ್ದಲ ಮಾಡುವಷ್ಟು ಹೊತ್ತು ಒಲೆಯ ಮುಂದೆ ಆರಾಮಾಗಿ ಇರಬಹುದು. ಗದ್ದಲ ನಿಂತರೆ ಮಾತ್ರ ಸೌಟು ಬಿಟ್ಟು ಓಡಬೇಕು, ಅಲ್ಲಿ ಏನೋ ನಡೆದಿರುತ್ತದೆ. ಅದೇ ಅಭ್ಯಾಸವಿರಬೇಕು. ಮಷೀನು ಬದಿಗಿಟ್ಟು ಅಲ್ಲೇ ಮೊಣಕಾಲೂರಿ ಉಸುಕನ್ನು ಜರಡಿಗೆ ತುಂಬಿದೆ. ಮೊದಲ ಸಲ ಕಪ್ಪೆಚಿಪ್ಪು. ಎರಡನೇ ಸಲ ಏನೂ ಇಲ್ಲ. ಮೂರನೇ ಸಲ ಉಸುಕೆಲ್ಲ ಸೋರಿಹೋಗಿ, ಜರಡಿಯಲ್ಲಿ ಬುಗುಡಿ ಉಳಿಯಿತು. ತುಂಡು ಕರಿದಾರ ಇನ್ನೂ ಅದರಲ್ಲಿತ್ತು.

ಸುಮಿತ್ರಾ ಅದನ್ನು ಮುಷ್ಟಿಯಲ್ಲಿ ಹಿಡಿದು ಉಸುಕಿನಲ್ಲೇ ಕೂತಳು. ಅವ್ವ ಸತ್ತಾಗ ಬಾಣಂತಿ ಅಳಬಾರದು ಎಂದು ಎಲ್ಲರೂ ಅವಳ ಬಾಯಿ ಮುಚ್ಚಿಸಿದ್ದರಂತೆ. ಆ ಅಳುವೆಲ್ಲ ಅಂದು ಹೊರಬಂತು. ನಾನು ಬೆನ್ನು ಸವರುತ್ತ ಕೂತೆ. ನಾನೂ ಅತ್ತೆ, ಸುಳ್ಳೇಕೆ.

ಇಷ್ಟೇ ಆಗಿದ್ದರೆ ನಾನಿದನ್ನು ಅದೃಷ್ಟ ಎಂದು ಮರೆಯುತ್ತಿದ್ದೆ. ಮನೆಗೆ ಬಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಸೋಪಿನ ಡಬ್ಬಿಯಲ್ಲಿ ನನ್ನ ಕಾಲುಂಗುರಗಳು ಒಂದರ ಪಕ್ಕ ಒಂದು ಕೂತಿದ್ದವು. ಬೂಟು, ಕಾಲುಚೀಲ ಕಿತ್ತೆಸೆದು ನೋಡಿದೆ. ಬೆರಳು ಬೋಳು. ಬೆಳಿಗ್ಗೆ ರೂಢಿಯಂತೆ ಬಿಚ್ಚಿಟ್ಟಿದ್ದು ಮರೆತೇಹೋಗಿತ್ತು.

ಯಜಮಾನರು ಇಂಜಿನಿಯರು, ಸೋಲೊಪ್ಪುವ ಜಾತಿಯಲ್ಲ. ಬೂಟಿನ ದಾರ ಹಾಕುವ ತೂತುಗಳ ಲೋಹಕ್ಕೆ ಕೂಗಿರಬೇಕು ಎಂದರು. ಮುಂದಿನ ಭಾನುವಾರ ಅದೇ ಬೂಟು, ಅದೇ ಮಷೀನು, ಅದೇ ದಂಡೆ. ಅವರೇ ನನ್ನ ಪಾದದ ಸುತ್ತ ಹತ್ತು ಸಲ ಬೀಸಿದರು. ಗಪ್‌ಚುಪ್. ಕೊನೆಗೆ ಕರೆಂಟಿನ ತಂತಿಗಳ ಪ್ರಭಾವ ಎಂದರು. ಹಾಗಿದ್ದರೆ ಅದೇ ಒಂದು ಮೊಳ ಜಾಗದಲ್ಲಿ ಯಾಕೆ ಸುಮ್ಮನಾಯಿತು ಎಂದು ಕೇಳಿದೆ. ಅವರು ಚಹಾ ಕೇಳಿದರು. ಅಂದಿನಿಂದ ನಾನು ಉತ್ತರ ಹುಡುಕುತ್ತಲೇ ಇದ್ದೇನೆ.

ಸುಮಿತ್ರಾ ಮಾತ್ರ ಅಂದೇ ತೀರ್ಮಾನ ಮಾಡಿಬಿಟ್ಟಿದ್ದಳು, ಅವ್ವನೇ ಬಂದಿದ್ದಳು ಎಂದು. ಹೋದ ತಿಂಗಳು ಫೋನಿನಲ್ಲಿ ಅವಳನ್ನು ಕೆಣಕಿದೆ. “ಅಲ್ಲವಾ, ನಿಮ್ಮವ್ವ ನನ್ನ ಮಾರಿನೂ ನೋಡಿದಾಕಿ ಅಲ್ಲ. ತಾಸುಗಟ್ಲೆ ನನ್ನ ಕಿವ್ಯಾಗ ಒದರಿ, ಬುಗುಡಿ ಹತ್ರ ಬಂದ ಕೂಡ್ಲೆ ಯಾಕ ಬಾಯಿ ಮುಚ್ಚಿದ್ಲು?”

“ನಮ್ಮವ್ವ ಇದ್ದಾಗ್ಲೂ ಹಂಗ ಇದ್ಲಲ್ರಿ ಅಕ್ಕಾರ. ತಪ್ಪು ಮಾಡಾಕತ್ತಿದ್ರ ಬೆನ್ನ ಹಿಂದ ನಿಂತು ಒಂದ ಸವನ ಒದರಾಕಿ. ಸರಿ ಮಾಡಿದ್ರ, ಛಲೋ ಮಾಡಿದಿ ಅಂತ ಒಂದಿನಾನೂ ಅನ್ಲಿಲ್ಲ. ಗಪ್ಪ ಆಗತಿದ್ಲು, ಅಷ್ಟ.”