ಬ್ರೇಕಿಗೆ ಕೊಟ್ಟ ಕೋಲು

ಮಾವನ ಮಗನ ಮೇಲೆ ನನಗಿದ್ದ ಹೊಟ್ಟೆಕಿಚ್ಚಿಗೆ ಕಾರಣವೇ ಇರಲಿಲ್ಲ ಎನ್ನುವವರು ನಮ್ಮ ಮನೆಯಲ್ಲಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಾರಣಗಳಿದ್ದವು. ಅವುಗಳಲ್ಲಿ ನ್ಯಾಯ ಎಷ್ಟಿತ್ತು ಎಂಬುದು ಬೇರೆ ಪ್ರಶ್ನೆ.

ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮಾರನೇ ವರ್ಷ ಅಪ್ಪ ಕುರಿ ಹಿಂಡು ಮಾರಿ, ಮಿಲಿಟರಿಯವರು ಹರಾಜಿಗೆ ಹಾಕಿದ್ದ ಒಂದು ಹಳೇ ಲಾರಿಯನ್ನು ಮೈಲೂರಿನ ನಮ್ಮ ಮನೆಗೆ ತಂದ. ಭಾಲ್ಕಿಯಿಂದ ತೊಗರಿ, ಔರಾದದಿಂದ ಉಣ್ಣೆ, ಕಂಬಳಿ ಬೀದರಿಗೆ ಸಾಗಿಸುವ ಕೆಲಸ. ಮಿಲಿಟರಿ ಗಾಡಿಗೆ ಕೀಲಿಕೈ ಇರುವುದಿಲ್ಲ, ಗುಂಡಿ ಒತ್ತಿದರೆ ಚಾಲೂ ಆಗಬೇಕು. ಗುಂಡಿ ಕೈಕೊಟ್ಟಾಗ ಇಂಜಿನ್ ತಿರುಗಿಸಲು ಒಂದು ಕಬ್ಬಿಣದ ಹ್ಯಾಂಡಲ್ ಇತ್ತು. ಅದೇ ಯಜಮಾನಿಕೆಯ ಗುರುತು. ಅಪ್ಪ ಅದನ್ನು ಮಂಚದ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ಆ ಚಳಿಗಾಲ ಅಪ್ಪನಿಗೆ ಸೊಂಟ ಹಿಡಿಯಿತು. ಹ್ಯಾಂಡಲ್ ಇನ್ನೊಬ್ಬರ ಕೈಗೆ ಹೋಗಲೇಬೇಕಿತ್ತು. ನಾನು ಒಬ್ಬನೇ ಮಗ. ಹೈದರಾಬಾದಿನ ಕಾಲೇಜಿನಲ್ಲಿ ಉರ್ದು ಚರ್ಚೆಗೆ ನಿಂತರೆ ಎದುರಿನವರ ಬಾಯಿ ಕಟ್ಟಿಸುತ್ತಿದ್ದವನು. ಪೊಲೀಸ್ ಆ್ಯಕ್ಷನ್ ಹೊತ್ತಿನ ಗಲಾಟೆಯಲ್ಲಿ ಓದು ನಿಂತು ಊರಿಗೆ ಬಂದ ಮೇಲೆ ಲಾರಿ ಹೊಡೆಯುವುದನ್ನೂ ಕಲಿತಿದ್ದೆ. ಹೀಗಿರುವಾಗ ಹ್ಯಾಂಡಲ್ ನನ್ನದಾಗುವುದರಲ್ಲಿ ಯಾವ ವಾದಕ್ಕೆ ಜಾಗವಿತ್ತು?

ಚಳಿಗೆ ಇಂಜಿನ್ ಮೊಂಡುತನ ತೋರಿದಾಗ ಅಪ್ಪ ಲಾರಿಯನ್ನು ಮನೆ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸಲು ಹೇಳಿದ. ಬೆಳಿಗ್ಗೆ ಉರುಳಲು ಬಿಟ್ಟು ಗೇರಿಗೆ ಹಾಕಿದರೆ ಚಾಲೂ ಆಗುತ್ತಿತ್ತು. ಆದರೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಿರಲಿಲ್ಲ. ಗಾಲಿಗೆ ಕಲ್ಲು ಕೊಡಬೇಕು, ಬೆಳಿಗ್ಗೆ ಯಾರಾದರೂ ಗಾಲಿಯಡಿ ಕೈ ಹಾಕಿ ಅದನ್ನು ಎಳೆಯಬೇಕು. ನಾನು ವಾದಿಸಿದೆ: ಕಲ್ಲು ಯಾಕೆ? ಹಿಂಡು ಹೋದರೂ ಅಪ್ಪನ ಕುರಿ ಕಾಯುವ ಕೋಲು ಮೂಲೆಯಲ್ಲಿ ನಿಂತಿತ್ತು. ಅದನ್ನು ಸೀಟಿಗೂ ಬ್ರೇಕಿನ ಪೆಡಲ್‌ಗೂ ನಡುವೆ ಬಿಗಿಯಾಗಿ ಕೂರಿಸಿದರೆ ಲಾರಿ ಅಲ್ಲಾಡದು. ಬೆಳಿಗ್ಗೆ ಒಳಗೆ ಕೂತವನೇ ಕೋಲು ಕಿತ್ತರೆ ಮುಗಿಯಿತು, ಯಾರ ಕೈಯೂ ಅಪಾಯದಲ್ಲಿಲ್ಲ. ಅಳತೆ ತೆಗೆದಂತೆ ಕೂತಿತು ಕೋಲು. ಅಪ್ಪ ಮೊದಲ ಸಲ ನನ್ನನ್ನು ನೋಡಿ ತಲೆದೂಗಿದ. ಆ ತಲೆದೂಗುವಿಕೆಯ ಮೇಲೆ ನಾನು ಒಂದು ತಿಂಗಳು ಬದುಕಿದೆ.

ಅದೇ ತಿಂಗಳಲ್ಲಿ ಬ್ಯಾಟರಿ ಪೂರ್ತಿ ಕೈಕೊಟ್ಟಿತು. ಪೇಟೆಯಲ್ಲಿ ಚಾರ್ಜ್ ಮಾಡಿಸಿ ತಂದರೆ ಎರಡು ರಾತ್ರಿಗೆ ಖಾಲಿ.

“ಬ್ಯಾಟರಿನೇ ಸತ್ತದ” ಎಂದೆ ನಾನು.

“ನಮ್ಮಣ್ಣನ ಮಗನ್ನ ಕರಸ್ರಿ” ಎಂದಳು ಅವ್ವ, ಅಪ್ಪನಿಗೆ. “ಮಿಲಿಟರಿ ಗಾಡಿ ಬಿಚ್ಚಿ ಜೋಡಿಸಿದ ಕೈ ಅದ ಅವಂದು.”

ಬಂದ. ಡಾಬಕಾ ಹಳ್ಳಿಯವನು, ನನಗಿಂತ ಎರಡು ವರ್ಷ ಚಿಕ್ಕವನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಕುರಿ ಕಾಯುತ್ತಿದ್ದವನು, ಬೀದರಿಗೆ ಬಂದ ಮಿಲಿಟರಿ ಲಾರಿಗಳ ಅಡಿಯಲ್ಲಿ ಮಲಗಿ ರಿಪೇರಿ ಕಲಿತಿದ್ದ. ಅಪ್ಪ ಅವನಿಗೆ ತನ್ನ ಪಕ್ಕದಲ್ಲೇ ತಾಟು ಹಾಕಿಸಿದ. ನನ್ನ ತಾಟು ಒಂದು ಮೊಳ ಆಚೆ ಸರಿಯಿತು. ಅಳೆದು ನೋಡಿಲ್ಲ, ಆದರೆ ಸರಿಯಿತು.

“ಏನಪಾ ಇಂಜಿನಿಯರ್ ಸಾಬ್, ರೋಗ ಸಿಕ್ಕಿತೇನು?” ಎಂದು ಕೆಣಕಿದೆ.

“ಇಂಜಿನಿಯರ್ ಎಲ್ಲೀದ್ರಿ ಭಾವ, ಕುರಿ ಕಾಯಾವ. ತಪ್ಪಿಸಿಕೊಂಡಿದ್ದು ಹುಡುಕೂದೊಂದು ಗೊತ್ತದ.”

ಅವ್ವ ನಕ್ಕಳು. ನನ್ನ ಮಾತಿಗೆ ಅವಳು ನಕ್ಕಿದ್ದು ನೆನಪಿಲ್ಲ.

ಲಾರಿಯನ್ನು ಇಳಿಜಾರಿನಿಂದ ಮಟ್ಟಸವಾದ ಅಂಗಳಕ್ಕೆ ಇಳಿಸಿ, ಚಾರ್ಜ್ ಆದ ಬ್ಯಾಟರಿ ಇಟ್ಟ. ಒಂದು ತಂತಿ ಬಿಚ್ಚಿ ಮತ್ತೆ ಮೆಲ್ಲಗೆ ಮುಟ್ಟಿಸಿದ. ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಅಲ್ಲಿ ಕಿಡಿ ಕಾಣಬೇಕು. ಕಾಣಲಿಲ್ಲ. ಹತ್ತು ಸಲ ಮುಟ್ಟಿಸಿದರೂ ಇಲ್ಲ. ನನಗೆ ಎಂಥ ಆನಂದ!

“ಸೋರಿಕೆ ಇಲ್ಲ ಅಂದ್ರ ಬ್ಯಾಟರಿನೇ ಸತ್ತದ ಅಂತಾಯ್ತಲ್ಲ. ಮೂರನೇದು ಇಲ್ಲ” ಎಂದೆ.

ಅಪ್ಪ ಅವನ ಮುಖ ನೋಡಿದ. ಅವನು ಬ್ಯಾಟರಿಯನ್ನು ಬಿಚ್ಚಿ ಪಡಸಾಲೆಯಲ್ಲಿ ಎರಡು ದಿನ ಸುಮ್ಮನೆ ಇಟ್ಟ. ಮೂರನೇ ದಿನ ಅದಕ್ಕೆ ಬಲ್ಬು ಹಚ್ಚಿದರೆ ಕಣ್ಣು ಕುಕ್ಕುವ ಬೆಳಕು. ಬ್ಯಾಟರಿ ಸತ್ತಿರಲಿಲ್ಲ. ನನ್ನ ಎರಡು ಕಾಲಿನ ವಾದದ ಒಂದು ಕಾಲು ಮುರಿಯಿತು. ಆದರೂ ಕಿಡಿ ಎಲ್ಲಿ? ಅವನೂ ಸೋತಿದ್ದ, ನನಗೆ ಅಷ್ಟು ಸಾಕಿತ್ತು.

“ಸೋಮವಾರ ಔರಾದಕ್ಕ ಗಾಡಿ ಹೋಗಬೇಕು” ಎಂದ ಅಪ್ಪ. “ಯಾರು ಇದನ್ನ ಸುದ್ದ ಮಾಡ್ತೀರಿ, ಅವರ ಕೈಗೆ ಹ್ಯಾಂಡಲ್.”

ಮಾವನ ಮಗ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಇಳಿಜಾರನ್ನೇ ನೋಡಿದ. ಆಮೇಲೆ ಕೇಳಿದ: “ಮಾಮಾ, ರಾತ್ರಿ ಗಾಡಿ ಹ್ಯಾಂಗ ನಿಲ್ಲಸ್ತೀರಿ? ಹಂಗೇ ನಿಲ್ಲಸ್ರಿ. ಒಂದೂ ಬಿಡಬ್ಯಾಡ್ರಿ.”

ಬ್ಯಾಟರಿ ಮತ್ತೆ ಕೂರಿಸಿ ಹಾಗೇ ನಿಲ್ಲಿಸಿದೆವು. ಅದೇ ಇಳಿಜಾರು, ಹಿಂಬದಿ ಹಳೇ ಕುರಿದೊಡ್ಡಿಯ ಗೋಡೆಗೆ, ಧೂಳಿಗೆಂದು ಹಿಂದೆ ಇಳಿಬಿಟ್ಟ ತಾಡಪತ್ರಿ. ಕೊನೆಗೆ ನನ್ನ ಕೈಯಾರೆ ಬ್ರೇಕಿಗೆ ಕೋಲು. ಅವನು ತಂತಿ ಮುಟ್ಟಿಸಿದ. ಚಟ್ ಎಂದು ನೀಲಿ ಕಿಡಿ.

“ಕೋಲು ತೆಗೀರಿ ಭಾವ.”

ತೆಗೆದೆ. ಕಿಡಿ ಇಲ್ಲ.

“ಮತ್ತ ಇಡ್ರಿ.”

ಇಟ್ಟೆ. ಕಿಡಿ.

ಅವನು ಹಿಂದೆ ಹೋಗಿ ತಾಡಪತ್ರಿ ಎತ್ತಿದ. ಬ್ರೇಕ್ ಒತ್ತಿದಾಗ ಹತ್ತುವ ಕೆಂಪು ದೀಪ ಹಾಡಹಗಲಲ್ಲಿ ಉರಿಯುತ್ತಿತ್ತು. ತಿಂಗಳುದ್ದಕ್ಕೂ ಪ್ರತಿ ರಾತ್ರಿ ನನ್ನ ಕೋಲು ಬ್ರೇಕ್ ಒತ್ತಿತ್ತು, ತಾಡಪತ್ರಿಯ ಮರೆಯಲ್ಲಿ ದೀಪ ಬೆಳತನಕ ಬ್ಯಾಟರಿಯನ್ನು ಕುಡಿದಿತ್ತು. ಹುಡುಕಲು ಹೋದಾಗೆಲ್ಲ ನಾವು ಮೊದಲು ಕೋಲು ತೆಗೆದು ಆಮೇಲೆ ಹುಡುಕುತ್ತಿದ್ದೆವು.

ನಾನು ಸುಮ್ಮನಿರಲಿಲ್ಲ. “ತಪ್ಪು ಕೋಲಿಂದಲ್ಲ, ದೀಪದ ತಂತಿದು. ಇಂಜಿನ್ ಬಂದ್ ಆದ ಮ್ಯಾಲ ಅದಕ್ಕ ಕರೆಂಟು ಹೋಗಬಾರದಿತ್ತು.”

“ಖರೇ ಅದರಿ” ಎಂದ ಅವನು. ಅಪ್ಪನ ಕಡೆ ತಿರುಗಿ, “ಕೋಲಿಂದು ಯುಕ್ತಿ, ಹಿಕ್ಮತ್ ಲಾಯಕ್ ಇತ್ತು ಮಾಮಾ. ಯಾರದೋ ಕೈ ಉಳಿದಾವ. ಹ್ಯಾಂಡ್ ಬ್ರೇಕ್ ಬಿಗದು ಕೊಡ್ತೇನಿ, ಇನ್ನ ಅದರ ಜರೂರತ್ತೇ ಬೀಳಲ್ಲ.”

ಅವನು ನನ್ನನ್ನು ಹಂಗಿಸಬಹುದಿತ್ತು. ಹಂಗಿಸಿದ್ದರೆ ಉತ್ತರ ತಯಾರಿತ್ತು. ಹೊಗಳಿದವನಿಗೆ ಏನು ಹೇಳಬೇಕೆಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪ ಮಂಚದ ಕೆಳಗಿನಿಂದ ಹ್ಯಾಂಡಲ್ ತೆಗೆದು ಅವನಿಗೆ ಕೊಟ್ಟ. ಅವನು ಅದನ್ನು ಸೀಟಿನ ಹಿಂದೆ ಹಾಕಿ ಗುಂಡಿ ಒತ್ತಿದ. ಒಂದೇ ಸಲಕ್ಕೆ ಇಂಜಿನ್ ಎದ್ದಿತು.

“ಬರ್ರಿ ಭಾವ, ಔರಾದ ತನಕ. ಮಾತಾಡಾಕ ಯಾರರ ಬೇಕು.”

“ಕೆಲಸ ಅದ” ಎಂದೆ. ಯಾವ ಕೆಲಸವೂ ಇರಲಿಲ್ಲ.

ಲಾರಿ ಇಳಿಜಾರು ಇಳಿಯಿತು. ತಾಡಪತ್ರಿಯನ್ನು ಅವನು ಮೇಲಕ್ಕೆ ಮಡಚಿ ಕಟ್ಟಿದ್ದ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕೆಂಪು ದೀಪ ಹತ್ತಿತು, ಕಾಲು ತೆಗೆದಾಗ ಆರಿತು. ಅಪ್ಪ ಕಟ್ಟೆಯ ಮೇಲೆ ನಿಂತು ಅದನ್ನೇ ನೋಡುತ್ತಿದ್ದ. ನಾನು ಕೋಲನ್ನು ತಂದು ಮತ್ತೆ ಮೂಲೆಗೆ ನಿಲ್ಲಿಸಿದೆ.