ಖಂಡೇ ಪೂಜೆಯ ಎಣ್ಣೆ, ನಿಮ್ಮ ಅಜ್ಜನ ಗುರಿ

ಪುಟ್ಟವ್ವಾ, ಸಣ್ಣಪ್ಪಾ, ಇದನ್ನು ನಿಮಗೆ ಬಾಯಿಂದಲೇ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನೀವು ಎದುರಿಗೆ ಕೂತು "ಹೇಳು ಆಯಿ" ಅಂದ ಕೂಡಲೇ ನನಗೆ ನಾಚಿಕೆಯಾಗಿ, ಚಹಾಕ್ಕೆ ಇಡುವ ನೆಪ ಮಾಡಿ ಎದ್ದುಬಿಡುತ್ತೇನೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರಗಳನ್ನು ನಂಬಿ ಈಗ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನವನಗರದ ಈ ಮನೆಗೆ ನಿಮ್ಮ ಅಪ್ಪ ನನ್ನನ್ನು ಕರೆತರುವ ಮೊದಲು ನಾನೂ ನಿಮ್ಮ ಅಜ್ಜನೂ ಕಲಘಟಗಿ ಕಡೆಯ ನಮ್ಮ ಊರಲ್ಲಿದ್ದೆವು. ಹೊಲದ ಆಚೆಗೆ ಕಾಡು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಬಂದು ಒಂದೇ ಸಂಜೆಗೆ ಅರ್ಧ ಎಕರೆ ನೆಲಸಮ ಮಾಡಿ ಹೋಗುತ್ತಿತ್ತು. ಬೆಳೆ ಕಾಯಲೆಂದು ನಿಮ್ಮ ಮುತ್ತಜ್ಜ ಪರವಾನಗಿ ಮಾಡಿಸಿ ತಂದ ರೈಫಲ್ಲು ನಿಮ್ಮ ಅಜ್ಜನ ಕೈಗೆ ಬಂದಿತ್ತು. ಒಂದೊಂದು ಗುಂಡಿಗೂ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮತ್ತೆ ಮುಂದಕ್ಕೆ ತಳ್ಳಬೇಕು. ನಾವು ಲಿಂಗ ಕಟ್ಟಿದವರು. ಕೊಲ್ಲುವುದು ನಿಮ್ಮ ಅಜ್ಜನಿಗೆ ಬೇಕಿರಲಿಲ್ಲ. ಹಂದಿಗಳ ಮುಂದಿನ ಬದುವಿಗೆ ಗುಂಡು ಹೊಡೆದು ಮಣ್ಣು ಸಿಡಿಸುತ್ತಿದ್ದರು. ಹಿಂಡು ದಿಕ್ಕಾಪಾಲಾಗಿ ಓಡುತ್ತಿತ್ತು. ಅಂಥ ಗುರಿ ಇದ್ದರೆ ಮಾತ್ರ ಆ ಕೆಲಸ ಮಾಡಲು ಬರುತ್ತದೆ.

ಆ ರೈಫಲ್ಲಿನ ಗುರಿ ಒಂದು ವರ್ಷ ಕೆಟ್ಟಿತು. ಕೆಡಿಸಿದವಳು ನಾನು. ನನಗೆ ಅದು ಗೊತ್ತಾದದ್ದು ಮಾತ್ರ ಆಮೇಲೆ.

ಆ ವರ್ಷ ಮಹಾನವಮಿಗೆ ಸ್ವಲ್ಪ ಮೊದಲು ಹುಬ್ಬಳ್ಳಿಯಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಹಬ್ಬ ಮುಗಿದು ಎರಡು ವಾರಕ್ಕೆ ಹಂದಿ ಬಂದವು. ಅವರು ಎಂದಿನಂತೆ ಬದುವಿಗೆ ಗುರಿ ಇಟ್ಟರು. ಗುಂಡು ಒಂದು ಮೊಳ ಬಲಕ್ಕೆ ಹೋಗಿ, ನೀರು ಹಾಯಿಸಲು ಹಾಕಿದ್ದ ಪೈಪು ಒಡೆಯಿತು. ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಕೂಗಿದ: "ಗೌಡ್ರ, ಹಂದಿ ಆರಾಮ ಓಡಿ ಹೋದ್ವು! ಪಾಪ, ಪೈಪ್ ಸತ್ತ ಬಿತ್ತ ನೋಡ್ರಿ!"

ಸುತ್ತಲ ಹೊಲದವರೆಲ್ಲ ನಕ್ಕರು. ನಿಮ್ಮ ಅಜ್ಜ ನಗಲಿಲ್ಲ. ಪೈಪಿನ ಆಚೆ ಹತ್ತು ಹೆಜ್ಜೆಗೆ ಕಳೆ ತೆಗೆಯುವ ಹೆಂಗಸರು ಬುತ್ತಿ ಇಟ್ಟುಕೊಂಡು ಕೂಡುವ ಮರ ಇತ್ತು.

ಮರುದಿನ ಊರ ಹೊರಗಿನ ಹಾಳು ಕಲ್ಲಿನ ಖಣಿಗೆ ಹೋದರು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹಿಂದುಮುಂದಾಗಿ ಅಂಟಿಸಿ, ನಡುವೆ ಇದ್ದಿಲಿನ ಬೊಟ್ಟು ಇಟ್ಟು, ಮರಳಿನ ಚೀಲದ ಮೇಲೆ ನಳಿಗೆ ಊರಿ ಐದು ಗುಂಡು ಹೊಡೆದರು. ನೀರಿನ ತಂಬಿಗೆ ಹಿಡಿದು ನಾನು ದೂರ ಕೂತಿದ್ದೆ. ಒಂದೂ ಬೊಟ್ಟಿನ ಹತ್ತಿರ ಬೀಳಲಿಲ್ಲ. ತೋಟಾ ಹಳೆಯವಾಗಿರಬೇಕೆಂದು ಹೊಸ ಡಬ್ಬಿ ಒಡೆದರು. ನಳಿಗೆಯೊಳಗೆ ಸರಳಿನಿಂದ ಬಟ್ಟೆ ಎಳೆದು ಕನ್ನಡಿಯಂತೆ ಮಾಡಿದರು. ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಮೊಳೆ ಅಲುಗಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದರು. ಏನು ಮಾಡಿದರೂ ಅಷ್ಟೇ.

ಆ ಸಂಜೆ ರೊಟ್ಟಿ ಮುರಿಯದೆ ತಾಟಿನ ಮುಂದೆ ಕೂತು ಹೇಳಿದರು: "ಕಣ್ಣ ಹೋತು. ಸೋಮವಾರ ಠಾಣೆಕ್ಕ ಹೋಗಿ ಬಂದೂಕ ಒಪ್ಪಿಸಿ ಬರ್ತೇನಿ."

"ಛಲೋ ಆಗೇತಿ ಅಂತ ಡಾಕ್ಟರು ಹೇಳ್ಯಾರಲ್ರಿ?"

"ಡಾಕ್ಟರ್ ಗ್ವಾಡಿ ಮ್ಯಾಲಿನ ಅಕ್ಷರ ಓದಿಸ್ತಾನ. ಹಂದಿ ತೋರಿಸ್ತಾನೇನು?"

ಬಂದೂಕು ಹೋದರೆ ಹೋಗಲಿ ಎಂದು ನನಗೂ ಅನ್ನಿಸಿತ್ತು. ಆದರೆ ಆ ಎರಡು ದಿನದಲ್ಲಿ ಅವರು ಸೈಕಲ್ಲು ಮುಟ್ಟಲಿಲ್ಲ. ಪೇಪರು ಬಿಡಿಸಲಿಲ್ಲ. ಅಂಗಳದಿಂದ ಒಳಗೆ ಬರುವಾಗ ಕುರುಡರಂತೆ ಹೊಸ್ತಿಲನ್ನು ಕಾಲಿನಿಂದ ತಡವಿದರು. ಕಾಣುವ ಕಣ್ಣನ್ನು ಅವರೇ ಮುಚ್ಚಿಕೊಳ್ಳುತ್ತಿದ್ದಾರೆ ಎಂದು ನನಗೆ ಭಯವಾಯಿತು. ಅಷ್ಟು ವರ್ಷಗಳಲ್ಲಿ ಅವರ ಮಾತಿಗೆ ನಾನು ಎದುರಾಡಿದವಳಲ್ಲ. ಅವತ್ತು ಮಾತ್ರ, "ಒಮ್ಮೆ ಹುಬ್ಬಳ್ಳಿ ಉಸ್ತಾದರಿಗೆ ತೋರಿಸೂಣ್ರಿ. ಆಮ್ಯಾಲ ನೀವು ಹೆಂಗ ಅಂತೀರಿ ಹಂಗ" ಅಂದೆ. ಮಾವನವರ ಕಾಲದಿಂದ ಈ ರೈಫಲ್ಲನ್ನು ರಿಪೇರಿ ಮಾಡುತ್ತಿದ್ದವರು ಅವರು. ನಿಮ್ಮ ಅಜ್ಜ ಒಲ್ಲೆ ಅನ್ನಲಿಲ್ಲ. ಒಬ್ಬರೇ ಹೋಗಲು ಧೈರ್ಯವಿರಲಿಲ್ಲ, ಅದಕ್ಕೆ ನನ್ನನ್ನೂ ಕರೆದರು.

ಶುಕ್ರವಾರ ಬೆಳಿಗ್ಗೆ ರೈಫಲ್ಲಿಗೆ ಕೌದಿ ಸುತ್ತಿ ಬಸ್ಸು ಹತ್ತಿದೆವು. ಬೋಲ್ಟು ತೆಗೆದು ಪರವಾನಗಿ ಪುಸ್ತಕದ ಜೊತೆ ನನ್ನ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಕಂಡಕ್ಟರು ಕೌದಿಯನ್ನು ನೋಡಿ, "ಏನ್ರಿ ಯಜಮಾನ್ರ, ತಂಬೂರಿ ಏನು? ಭಜನಿಗೆ ಹೊಂಟೀರಿ?" ಅಂದ. "ಹೂನಪಾ, ಸ್ವರ ಕೆಟ್ಟೇತಿ" ಅಂದರು ನಿಮ್ಮ ಅಜ್ಜ. ಎರಡು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ತಮಾಷೆ ಅದು. ನಾನು ಸೆರಗಿನಲ್ಲಿ ನಕ್ಕೆ.

ದುರ್ಗದಬೈಲಿನ ಗದ್ದಲ ದಾಟಿ ಹಿಂದಿನ ಓಣಿಯಲ್ಲಿ ಉಸ್ತಾದರ ಅಂಗಡಿ. ಬಿಳಿ ಗಡ್ಡದ, ಬಹಳ ಸಾವಕಾಶದ ಮನುಷ್ಯ. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತೆ. ನಿಮ್ಮ ಅಜ್ಜ ಎಲ್ಲ ಹೇಳಿ, ಕಡೆಗೆ, "ಕಣ್ಣಿಂದ ತಪ್ಪ ಉಸ್ತಾದ್. ಬಂದೂಕಿಗೆ ಏನೂ ಆಗಿಲ್ಲ" ಅಂದರು.

"ಹಂಗಾದ್ರ ಕಣ್ಣಿನ ದವಾಖಾನಿಗೆ ಹೋಗೂದ ಬಿಟ್ಟ ಇಲ್ಲಿ ಯಾಕ ಬಂದ್ರಿ ಗೌಡ್ರ? ಹೊಡದ ಕಾಗದ ತಂದೀರೇನು?"

ಕ್ಯಾಲೆಂಡರಿನ ಹಾಳೆ ಕೊಟ್ಟರು. ಪ್ರತಿ ತೂತಿನ ಬಳಿ ನಿಮ್ಮ ಅಜ್ಜ ಪೆನ್ಸಿಲಿನಿಂದ ಒಂದು, ಎರಡು ಎಂದು ಐದರವರೆಗೆ ಬರೆದಿದ್ದರು. ಉಸ್ತಾದರು ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಕಣ್ಣ ಕೆಟ್ಟಾಂವಂದು ನಾಕೂ ಕಡೆ ಬೀಳತಾವ್ರಿ. ನಿಮ್ಮವು ನೋಡ್ರಿಲ್ಲೆ, ಒಂದಾದಮ್ಯಾಲ ಒಂದು ಬಲಕ್ಕ ಸಾಲ ಹಿಡದ ಹೊಂಟಾವ. ನಳಿಗಿ ಕಾದಂಗೆಲ್ಲಾ ಏನೋ ಅದನ್ನ ಒತ್ತಾಕತ್ತೈತಿ. ಕಣ್ಣ ಬೈಬ್ಯಾಡ್ರಿ."

ಆಮೇಲೆ ಒಂದು ಕಾಗದದ ಪಟ್ಟಿಯನ್ನು ತುದಿಯ ಕಡೆಯಿಂದ ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತ ಬಂದರು. ಅಲ್ಲಿ ಕಬ್ಬಿಣಕ್ಕೂ ಮರಕ್ಕೂ ಕೂದಲೆಳೆಯಷ್ಟು ಸಂದು ಇರಬೇಕಂತೆ. ಕಾಗದ ಅರ್ಧ ದಾರಿಯಲ್ಲಿ ನಿಂತಿತು. ಕೆಳಗಿನ ಎರಡು ಸ್ಕ್ರೂ ಬಿಚ್ಚಿ ಮರದಿಂದ ಕಬ್ಬಿಣವನ್ನು ಎತ್ತಿದರು. ನಳಿಗೆ ಕೂಡಲು ಮರದಲ್ಲಿ ಕೊರೆದ ಉದ್ದನೆಯ ಹರಿಯಲ್ಲಿ ಎಡಮಗ್ಗುಲಿಗೆ, ಬೆಲ್ಲದ ಪಾಕ ಗಟ್ಟಿಯಾದಂತೆ, ಹಳದಿ ಕೆಂಪು ಬಣ್ಣದ ಒಂದು ಹೆಪ್ಪು. ಅದರಲ್ಲಿ ಚೆಂಡುಹೂವಿನ ಒಂದು ಎಸಳು.

"ಏನ್ರಿ ಇದು ಗೌಡ್ರ! ಬಂದೂಕಿಗೆ ಬೇಸನ್ ಉಂಡಿ ತಿನಿಸೀರೇನು?"

ಆ ಎಸಳು ನಾನು ಏರಿಸಿದ ಹೂವಿನದೆಂದು ನನಗೆ ಕೂಡಲೇ ತಿಳಿಯಿತು. ಪ್ರತಿವರ್ಷ ಖಂಡೇ ಪೂಜೆಗೆ ಕುಡಗೋಲು, ಕುಂಟೆ, ನೇಗಿಲ ಜೊತೆ ರೈಫಲ್ಲನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದೆವು. ಪೂಜೆ ಮುಗಿದ ಮರುದಿನ ನಿಮ್ಮ ಅಜ್ಜ ಅದನ್ನು ಬಿಚ್ಚಿ ಒರೆಸಿ ಇಡುತ್ತಿದ್ದರು. ಆ ವರ್ಷ ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಪೂಜೆಯೆಲ್ಲ ನನ್ನದೇ ಆಯಿತು. ಅವರ ಕಣ್ಣು ಸುಸೂತ್ರವಾಗಲಿ ಎಂದು ಬೇಡಿಕೊಂಡು, ರೈಫಲ್ಲನ್ನು ಮಗ್ಗುಲಾಗಿ ಮಲಗಿಸಿ, ಒಂದು ಬಟ್ಟಲು ಕುಸುಬಿ ಎಣ್ಣೆಯಲ್ಲಿ ಅರಿಶಿನ ಕುಂಕುಮ ಕಲಸಿ ಕೈತುಂಬ ಸವರಿದ್ದೆ. ಸಂದಿನೊಳಗೂ ಬಿಟ್ಟಿದ್ದೆ. ಮೇಲೆ ಕಂಡದ್ದನ್ನು ಅವರು ಒರೆಸಿಕೊಂಡಿದ್ದರು. ಒಳಗೆ ಇಳಿದದ್ದು ಯಾರಿಗೆ ಕಾಣಬೇಕು?

ಸುಮ್ಮನಿದ್ದರೆ ನಡೆಯುತ್ತಿತ್ತು. ಆದರೆ ನಿಮ್ಮ ಅಜ್ಜ ಆ ಹೆಪ್ಪನ್ನು ನೋಡುತ್ತ, "ನನಗ ಕಾಣದಂಗ ಇಷ್ಟ ಕೂತೈತಿ ಅಂದ್ರ ಕಣ್ಣು..." ಎಂದು ಮತ್ತೆ ಶುರುಮಾಡಿದರು. ನಾನು ಎದ್ದು ನಿಂತೆ.

"ನಾ ಬಿಟ್ಟೇನ್ರಿ ಅದನ್ನ. ನವಮಿ ದಿನ. ಒಂದ ವಾಟಗ ಎಣ್ಣಿ. ನಿಮ್ಮ ಕಣ್ಣಿಗೆ ಛಲೋ ಆಗ್ಲಿ ಅಂತ ಬಿಟ್ಟೆ."

ಪರಗಂಡಸರ ಎದುರು ನಾನು ಅಷ್ಟು ದೊಡ್ಡ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಬೈಗಳಿಗೆ ತಯಾರಾಗಿ ನೆಲ ನೋಡುತ್ತ ನಿಂತೆ.

ನಿಮ್ಮ ಅಜ್ಜ ಕೇಳಿದ್ದು ಉಸ್ತಾದರನ್ನು: "ಹಂಗಾದ್ರ ನನ್ನ ಕಣ್ಣ ಖರೇನ ಛಲೋ ಅದಾವೇನು?"

"ಅದಾವ್ರಿ ಮಾರಾಯ್ರ! ನಿಮ್ಮ ಕಣ್ಣಿಗೆ ಅವ್ವಾರ ಪೂಜಿ ತಟ್ಟೇತಿ. ಬಂದೂಕಿಗೆ ಬರೇ ಎಣ್ಣಿ ತಟ್ಟೇತಿ, ಅಷ್ಟ."

ಇಬ್ಬರೂ ನಕ್ಕರು. ನಿಮ್ಮ ಅಜ್ಜ ಓಣಿಯ ಚಹಾದವನನ್ನು ಕರೆದು ಮೂರು ಚಹಾ ಹೇಳಿದರು. ಮೊದಲ ಕಪ್ಪನ್ನು ತಾವೇ ತಂದು ನನ್ನ ಕೈಗೆ ಕೊಟ್ಟರು.

ಉಸ್ತಾದರು ಸೀಮೆಎಣ್ಣೆಯಿಂದ ಹರಿ ತೊಳೆದು, ಒಣಗಿಸಿ, ಉಬ್ಬಿದ್ದ ಮರವನ್ನು ಕೊಂಚವೇ ಉಜ್ಜಿ ಮತ್ತೆ ಕೂಡಿಸಿದರು. ಕಾಗದದ ಪಟ್ಟಿಯನ್ನು ನನ್ನ ಕೈಗೇ ಕೊಟ್ಟು, "ಈಗ ಎಳೀರಿ ಅವ್ವಾರ" ಅಂದರು. ಅದು ತಡೆಯಿಲ್ಲದೆ ಸರ್ರನೆ ಹಿಂದಿನವರೆಗೆ ಬಂತು. "ವಿಭೂತಿ ಮರದ ಮ್ಯಾಲ ಹಚ್ರಿ, ಸಾಕು. ನಡುವ ಗಾಳಿ ಆಡ್ಲಿ."

ಭಾನುವಾರ ಮತ್ತೆ ಖಣಿಗೆ ಹೋದೆವು. ಒಂದು ಗುಂಡು ಹೊಡೆದು, ನಳಿಗೆ ಆರುವ ಮೊದಲೇ ಮತ್ತೊಂದು. ಹಾಗೆ ಮೂರು. ನೋಡಿ ಬರಲು ನನ್ನನ್ನು ಕಳಿಸಲಿಲ್ಲ, ತಾವೇ ಸರಸರ ನಡೆದು ಹೋದರು. ನಾನು ಹಿಂದಿನಿಂದ ಹೋಗಿ ಕೈಯ ಬಳೆ ಕಳಚಿ ಹಾಳೆಯ ಮೇಲಿಟ್ಟೆ. ಮೂರೂ ತೂತು ಬಳೆಯ ಒಳಗೇ ಇದ್ದವು. ಅವರು ಅದನ್ನು ನೋಡಿದರು, ಖಣಿಯ ಆಚೆಯ ಕಾಡಂಚನ್ನು ನೋಡಿದರು, ಆಮೇಲೆ, "ಆ ಮತ್ತಿ ಗಿಡದ ತುದಿಯೊಳಗ ಗಿಳಿ ಕುಂತೈತಿ ನೋಡು" ಅಂದರು. ನನಗೆ ಕಾಣಲಿಲ್ಲ. ಹೂಂ ಅಂದೆ. ಸೋಮವಾರ ಠಾಣೆಯ ಮಾತು ಬರಲಿಲ್ಲ.

ಅದಾದ ಮೇಲೆ ಅವರು ಬದುಕಿದ್ದಷ್ಟು ವರ್ಷವೂ ಸೈಕಲ್ಲು ಹತ್ತಿದರು, ಪೇಪರು ಓದಿದರು, ಬೆಳೆ ಕಾದರು. ಅವರು ಹೋದ ಮೇಲೆ ರೈಫಲ್ಲನ್ನು ನಾನೇ ಠಾಣೆಗೆ ಒಪ್ಪಿಸಿದೆ. ಕೊಡುವ ಮೊದಲು ಕಾಗದ ಎಳೆದು ನೋಡಿದ್ದೆ, ಸಲೀಸಾಗಿ ಬಂತು.

ಊರವರು ಗುರಿ ಯಾಕೆ ಕೆಟ್ಟಿತ್ತು ಎಂದು ಕೇಳಿದಾಗಲೆಲ್ಲ ನಿಮ್ಮ ಅಜ್ಜ, "ಸ್ಕ್ರೂ ಸಡಲಾಗಿತ್ತಪಾ" ಎಂದಷ್ಟೇ ಹೇಳುತ್ತಿದ್ದರು. ಪೈಪಿನ ವಿಷಯದಲ್ಲಿ ಅವರನ್ನು ಎಷ್ಟೋ ದಿನ ಕಾಡಿದ ಪಕ್ಕದ ಹೊಲದವನಿಗೂ ಅದನ್ನೇ ಹೇಳಿದರು. ಊರವರ ನಗೆಯನ್ನೆಲ್ಲ ತಾವೇ ಸಹಿಸಿಕೊಂಡು, ನನ್ನ ವಾಟಗದ ಎಣ್ಣೆಯ ಮಾತನ್ನು ನಿಮ್ಮ ಅಪ್ಪನ ಎದುರೂ ಎತ್ತಲಿಲ್ಲ. ಅದಕ್ಕೆ ನಾನು ಅವರಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ಅವರ ರೊಟ್ಟಿಗೆ ಬೆಣ್ಣೆ ಸ್ವಲ್ಪ ಹೆಚ್ಚು ಹಾಕುತ್ತಿದ್ದೆ.

ನಿಜ ಏನೆಂದು ಬರೆದದ್ದು ಈ ಹಾಳೆಗಳಲ್ಲಿ ಮಾತ್ರ. ನೀರು ತಾಗದ ಕಡೆ, ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿರಿ.